ಹುಸಿ ಎರೆ, ನಿಜವಾದ ಮೀನು



ಕೆರೆ ಏರಿಯ ಮೇಲೆ ಗಾಳ ಹಿಡಿದು ಕುಳಿತವರನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಒಂದು ಬಿದಿರು ಕಡ್ಡಿ, ಒಂದಷ್ಟು ದಾರ, ದಾರದ ತುದಿಗೆ ಗಾಳ, ಗಾಳಕ್ಕೆ ಎರೆಹುಳು, ನಡುವೆ ತೇಲುವುದಕ್ಕೆ ಒಂದು ತುಂಡು ಬೆಂಡು. ಬೆಂಡು ಮುಳುಗಿತೆಂದರೆ ಮೀನು ಕಚ್ಚಿತೆಂದು ಲೆಕ್ಕ. ಎರೆಹುಳು ಮೀನಿಗೆ ಆಹಾರ. ಹಸಿದ ಮೀನು ಆಹಾರಕ್ಕೆ ಬಾಯಿ ಹಾಕುವುದರಲ್ಲಿ ಒಗಟೇನೂ ಇಲ್ಲ. ಆದರೆ ಎರೆಹುಳುವಿನ ಬದಲು ಬಣ್ಣ ಬಳಿದ ಒಂದು ಮರದ ತುಂಡನ್ನು ದಾರಕ್ಕೆ ಕಟ್ಟಿ ನೀರಿಗೆ ಎಸೆದರೆ? ಅದಕ್ಕೆ ರುಚಿಯಿಲ್ಲ, ಜೀವವಿಲ್ಲ. ಆದರೂ ಮೀನು ನುಗ್ಗಿ ಬಂದು ಅದನ್ನು ಕಚ್ಚುತ್ತದೆ. ಏಕೆ? ಈ ಪ್ರಶ್ನೆಯೇ ಇಂದಿನ ನಮ್ಮ ಮಾತಿಗೆ ವಿಷಯ.

ಇಂಥ ಕೃತಕ ಎರೆಗೆ ಇಂಗ್ಲಿಷಿನಲ್ಲಿ ಲ್ಯೂರ್ ಎನ್ನುತ್ತಾರೆ. ನಾವು ಹುಸಿ ಎರೆ ಎಂದು ಕರೆಯೋಣ. ಇದು ಅತ್ಯಂತ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದಲ್ಲಿ, ಅದರಲ್ಲೂ ಬ್ಯಾಸ್ ಎಂಬ ಒಂದು ಮೀನಿನ ಸುತ್ತ. ನಿಮ್ಮ ಮಕ್ಕಳೋ ಬಂಧುಗಳೋ ಅಲ್ಲಿದ್ದರೆ, ಶನಿವಾರ ಭಾನುವಾರಗಳಲ್ಲಿ ದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಸರೋವರಗಳ ಕಡೆ ಹೊರಡುವ ಜನರನ್ನು ಅವರು ಖಂಡಿತ ಕಂಡಿರುತ್ತಾರೆ. ಅವರಲ್ಲಿ ಬಹಳ ಮಂದಿ ಹುಡುಕಿ ಹೊರಟಿರುವುದು ಈ ಮೀನನ್ನೇ.

ಗಾಳವನ್ನು ಒಂದು ವಿನೋದವೆಂದು ಭಾವಿಸುವುದು ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗ ಮೀಸಲಾಗಿದೆ. ಮೀನಿನ ಜಾತಿಗಳು, ಅವುಗಳಿಗೆ ಒಗ್ಗುವ ಆಹಾರ, ಗಾಳ ಹಾಕುವ ಕ್ರಮ ಎಲ್ಲವೂ ಅಲ್ಲಿ ಬರುತ್ತವೆ. ಮೊದಲು ಮೀನನ್ನು ತಿಳಿ, ಆಮೇಲೆ ಎರೆಯನ್ನು ಆರಿಸು ಎಂಬ ಕ್ರಮ ಅಂದಿನದು. ಇಂದಿಗೂ ಅದೇ ಸರಿಯಾದ ಕ್ರಮ. ಆದ್ದರಿಂದ ನಾವೂ ಮೀನಿನಿಂದಲೇ ಆರಂಭಿಸೋಣ.

ಬ್ಯಾಸ್ ಎಂಬ ಹೆಸರಿನ ಮೀನುಗಳು ಕಡಲಿನಲ್ಲೂ ಇವೆ. ನಾವು ಮಾತನಾಡುತ್ತಿರುವುದು ಉತ್ತರ ಅಮೆರಿಕದ ಸಿಹಿನೀರಿನ ಕರಿ ಬ್ಯಾಸ್ ಕುರಿತು. ಅದರಲ್ಲಿ ಮುಖ್ಯವಾದುದು ದೊಡ್ಡ ಬಾಯಿಯ ಬ್ಯಾಸ್, ಅಂದರೆ ಲಾರ್ಜ್‌ಮೌತ್. ಹಸಿರು ಛಾಯೆಯ ಮೈ, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ, ಕಣ್ಣನ್ನೂ ದಾಟಿ ಹಿಂದಕ್ಕೆ ಚಾಚಿದ ಮೇಲ್ದವಡೆ. ಇದರ ದಾಯಾದಿಯಾದ ಸಣ್ಣ ಬಾಯಿಯ ಬ್ಯಾಸ್‌ನ ದವಡೆ ಕಣ್ಣಿನ ಕೆಳಗೇ ನಿಲ್ಲುತ್ತದೆ. ಇವೆರಡನ್ನು ಗುರುತಿಸಲು ಇಷ್ಟು ಸಾಕು.

ದೊಡ್ಡ ಬಾಯಿಯ ಬ್ಯಾಸ್ ಬೇಟೆಯನ್ನು ಬೆನ್ನಟ್ಟಿ ದಣಿಯುವ ಮೀನಲ್ಲ. ಅದು ಹೊಂಚು ಹಾಕುವ ಮೀನು. ನೀರಿನಲ್ಲಿ ಬಿದ್ದ ಮರ, ಜೊಂಡು, ತಾವರೆ ಎಲೆಗಳ ನೆರಳು, ದೋಣಿಕಟ್ಟೆಯ ಕಂಬ, ಇಂಥ ಕಡೆ ಮರೆಯಾಗಿ ನಿಂತಿರುತ್ತದೆ. ಚಿಕ್ಕ ಮೀನು, ಕಪ್ಪೆ, ಸಿಗಡಿಯ ಜಾತಿಯ ಕ್ರೇಫಿಶ್ ಹತ್ತಿರ ಸುಳಿದರೆ ಒಂದೇ ನೆಗೆತ. ಬಾಯಿಯನ್ನು ಥಟ್ಟನೆ ಅಗಲಿಸಿದಾಗ ಬಾಯೊಳಗಿನ ಒತ್ತಡ ಕುಸಿಯುತ್ತದೆ. ಹೊರಗಿನ ನೀರು ಒಳಗೆ ನುಗ್ಗುತ್ತದೆ. ನೀರಿನ ಜೊತೆಗೆ ಬೇಟೆಯೂ ಹೋಗುತ್ತದೆ. ನಮ್ಮ ದೂರದರ್ಶನದ ಚಿತ್ರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಬ್ಯಾಸ್‌ನ ಬಾಯಿ ತೆರೆದು ಬೇಟೆ ಒಳಸೇರುವ ದೃಶ್ಯ ಅದರಲ್ಲಿ ಒಂದೆರಡು ಚೌಕಟ್ಟಿನೊಳಗೇ ಮುಗಿದುಹೋಗುತ್ತದೆ. ಮೊದಲ ಚೌಕಟ್ಟಿನಲ್ಲಿ ಚಿಕ್ಕ ಮೀನು ಇದೆ, ಮುಂದಿನದರಲ್ಲಿ ಇಲ್ಲ. ನಡುವೆ ಏನಾಯಿತೆಂದು ನೋಡಬೇಕಾದರೆ ಅತಿವೇಗದ ಕ್ಯಾಮೆರಾ ಬೇಕು.

ಹುಸಿ ಎರೆಯ ರಹಸ್ಯ ಇಲ್ಲಿದೆ. ಇಷ್ಟು ವೇಗವಾಗಿ ತೀರ್ಮಾನ ಮಾಡಬೇಕಾದ ಪ್ರಾಣಿ ಪ್ರತಿಯೊಂದು ವಸ್ತುವನ್ನೂ ಕೂಲಂಕಷವಾಗಿ ಪರೀಕ್ಷಿಸುತ್ತ ಕೂರಲಾರದು. ಅದು ಕೆಲವೇ ಸುಳಿವುಗಳನ್ನು ನಂಬುತ್ತದೆ. ಗಾತ್ರ ಸರಿಯಾಗಿದೆಯೇ? ಚಲನೆ ಜೀವಿಯದರಂತೆ ಇದೆಯೇ? ಅದರಲ್ಲೂ ಗಾಯಗೊಂಡ ಜೀವಿಯದರಂತೆ ಇದೆಯೇ? ಇಷ್ಟಕ್ಕೆ ಹೌದೆಂಬ ಉತ್ತರ ಬಂದರೆ ಬಾಯಿ ತೆರೆಯುತ್ತದೆ. ಇನ್ನೊಂದು ಮಾತು. ಮೀನಿಗೆ ಕೈಯಿಲ್ಲ. ಸಂಶಯ ಬಂದ ವಸ್ತುವನ್ನು ಮುಟ್ಟಿ ನೋಡಬೇಕಾದರೂ ಅದಕ್ಕಿರುವುದು ಬಾಯಿಯೊಂದೇ.

ಬ್ಯಾಸ್ ಈ ಸುಳಿವುಗಳನ್ನು ಹೇಗೆ ಗ್ರಹಿಸುತ್ತದೆ? ಮುಖ್ಯವಾಗಿ ಕಣ್ಣಿನಿಂದ. ಅದರ ಕಣ್ಣಿನ ಪರದೆಯಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡು ಬಗೆಯವು. ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ ಸ್ಪಂದಿಸುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಬಣ್ಣ ಬಣ್ಣದ ಗುರಿಗಳನ್ನಿಟ್ಟು ಬ್ಯಾಸ್ ಮೀನುಗಳಿಗೆ ತರಬೇತಿ ಕೊಟ್ಟು ನೋಡಿ, 2018ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ವಾರಸ್ಯವಾಗಿದೆ. ಕೆಂಪು ಮತ್ತು ಹಸಿರನ್ನು ಅವು ಚೆನ್ನಾಗಿ ಗುರುತಿಸಿದವು. ಆದರೆ ಕಪ್ಪು ಮತ್ತು ಕಡುನೀಲಿಗೆ ವ್ಯತ್ಯಾಸ ತಿಳಿಯಲಿಲ್ಲ. ಬಿಳಿಯನ್ನೂ ಗಿಳಿಹಸಿರು ಮಿಶ್ರಿತ ಹಳದಿಯನ್ನೂ ಒಂದೇ ಎಂದು ಭ್ರಮಿಸಿದವು. ಅಂಗಡಿಯಲ್ಲಿ ಇವು ನಾಲ್ಕು ಬೇರೆ ಬೇರೆ ಬಣ್ಣಗಳಾಗಿ ಮಾರಾಟವಾಗುತ್ತವೆ! ಬಣ್ಣಗಳಲ್ಲಿ ಎಷ್ಟೋ ಮೀನನ್ನು ಹಿಡಿಯುವುದಕ್ಕಿಂತ ಗಿರಾಕಿಯನ್ನು ಹಿಡಿಯುವುದಕ್ಕೇ ಇವೆಯೆಂಬ ಹಳೆಯ ಹಾಸ್ಯಕ್ಕೆ ಈಗ ವಿಜ್ಞಾನದ ಬೆಂಬಲವೂ ದೊರೆತಂತಾಯಿತು. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುವುದರಿಂದ ಆಳಕ್ಕೆ ಹೋದಂತೆ ಕೆಂಪು ಎರೆ ಕಪ್ಪಾಗಿ ಕಾಣುತ್ತದೆ ಎಂಬುದನ್ನೂ ನೆನಪಿಡಬೇಕು.

ಎರಡನೆಯದು ಪಾರ್ಶ್ವರೇಖೆ. ಮೀನಿನ ಎರಡೂ ಪಕ್ಕೆಗಳಲ್ಲಿ ತಲೆಯಿಂದ ಬಾಲದವರೆಗೆ ಸಣ್ಣ ರಂಧ್ರಗಳ ಒಂದು ಸಾಲಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಹತ್ತಿರದ ನೀರಿನ ಅಲುಗಾಟವನ್ನು ಗ್ರಹಿಸುತ್ತವೆ. ಇದನ್ನು ದೂರದಿಂದಲೇ ಸ್ಪರ್ಶಿಸುವ ಇಂದ್ರಿಯ ಎನ್ನಬಹುದು. ಕತ್ತಲೆಯಲ್ಲಿ, ಕದಡಿದ ನೀರಿನಲ್ಲಿ ಕಣ್ಣು ಸೋತಾಗ ಬ್ಯಾಸ್ ನೆಚ್ಚುವುದು ಇದನ್ನು ಮತ್ತು ಒಳಕಿವಿಯನ್ನು. ವಾಸನೆ, ರುಚಿಗಳೂ ಅದಕ್ಕೆ ತಿಳಿಯುತ್ತವೆ. ಆದರೆ ಅವುಗಳ ಕೆಲಸ ಹೆಚ್ಚಾಗಿ ಕಚ್ಚಿದ ಮೇಲೆ. ಬಾಯಲ್ಲಿರುವುದನ್ನು ನುಂಗಬೇಕೋ ಉಗುಳಬೇಕೋ ಎಂದು ನಿರ್ಧರಿಸುವಾಗ.

ಕಣ್ಣು, ಪಾರ್ಶ್ವರೇಖೆ, ಬಾಯಿ, ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ಅಂಗಡಿಯ ಕಪಾಟಿನ ಮುಂದೆ ನಿಂತರೆ ಸಾವಿರಾರು ಹುಸಿ ಎರೆಗಳು ತಾವಾಗಿಯೇ ಮೂರು ಗುಂಪುಗಳಾಗುತ್ತವೆ: ನೀರಿನ ಮೇಲೆ ಆಡುವವು, ನಡುನೀರಿನಲ್ಲಿ ಈಜುವವು, ತಳದಲ್ಲಿ ತೆವಳುವವು.

ಮೇಲೆ ಆಡುವವುಗಳ ಕಥೆ ಮಿಷಿಗನ್ ರಾಜ್ಯದ ಡೊವಾಜಿಯಾಕ್ ಊರಿನಿಂದ ಆರಂಭವಾಗುತ್ತದೆ. ಅಲ್ಲಿ ಜೇಮ್ಸ್ ಹೆಡನ್ ಎಂಬ ಜೇನುಸಾಕಣೆಗಾರನಿದ್ದ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅವನು ಕೊಳದ ಬಳಿ ಕುಳಿತು ಮರದ ತುಂಡೊಂದನ್ನು ಚಾಕುವಿನಿಂದ ಕೆತ್ತುತ್ತಿದ್ದನಂತೆ. ಬೇಸರವಾಗಿ ನೀರಿಗೆ ಎಸೆದಾಗ ಬ್ಯಾಸ್ ಒಂದು ಅದರ ಮೇಲೆ ಎರಗಿತಂತೆ. ಕಥೆ ಎಷ್ಟು ನಿಜವೋ, ಅವನು ಮರದಲ್ಲಿ ಕಪ್ಪೆಗಳನ್ನು ಕೆತ್ತಿದ್ದೂ, 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ದೊಡ್ಡ ಉದ್ಯಮವಾಗಿ ಬೆಳೆದದ್ದೂ ನಿಜ. ಅವನ ಕಂಪನಿಯಿಂದ ಮುಂದೆ ಬಂದ ಜಾರಾ ಸ್ಪೂಕ್ ಇಂದಿಗೂ ಮಾರಾಟವಾಗುತ್ತಿದೆ. ಅದು ಚುಟ್ಟದ ಆಕಾರದ್ದು. ಸುಮ್ಮನೆ ಎಳೆದರೆ ಸತ್ತ ಕಡ್ಡಿಯಂತೆ ನೇರವಾಗಿ ಬರುತ್ತದೆ. ದಾರವನ್ನು ಸ್ವಲ್ಪ ಸಡಿಲ ಬಿಟ್ಟು, ಕೋಲಿನ ತುದಿಯನ್ನು ತಾಳಬದ್ಧವಾಗಿ ಜಗ್ಗಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತ ಬರುತ್ತದೆ. ನಾಯಿಯನ್ನು ಅಡ್ಡಾಡಿಸುವುದು ಎಂದು ಅಮೆರಿಕನ್ನರು ಇದಕ್ಕೆ ತಮಾಷೆಯ ಹೆಸರಿಟ್ಟಿದ್ದಾರೆ. ಜೀವ ಇರುವುದು ಮರದಲ್ಲಲ್ಲ, ಮಣಿಕಟ್ಟಿನಲ್ಲಿ. ಬೆಳಗಿನ ಹಾಗೂ ಸಂಜೆಯ ಮಂದ ಬೆಳಕಿನಲ್ಲಿ, ನೀರು ಶಾಂತವಾಗಿರುವಾಗ ಈ ಬಗೆಯದು ಚೆನ್ನಾಗಿ ಕೆಲಸ ಮಾಡುತ್ತದೆ.

ನಡುನೀರಿನ ಕಥೆಗೆ ಫಿನ್ಲೆಂಡಿಗೆ ಹೋಗಬೇಕು. ಲೌರಿ ರಾಪಾಲಾ ಎಂಬ ಬಡ ಮೀನುಗಾರ ಸರೋವರದಲ್ಲಿ ಒಂದು ಸಂಗತಿಯನ್ನು ಗಮನಿಸಿದ. ಚಿಕ್ಕ ಮೀನುಗಳ ಹಿಂಡಿನ ಮೇಲೆ ಎರಗುವ ದೊಡ್ಡ ಮೀನು, ಹಿಂಡಿನಲ್ಲಿ ಓಲಾಡುತ್ತ ಈಜುವ ಕುಂಟು ಮೀನನ್ನೇ ಆರಿಸಿಕೊಳ್ಳುತ್ತದೆ. 1936ರಲ್ಲಿ ಅವನು ಬೆಂಡಿನ ತುಂಡನ್ನು ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೆರುಗು ಬಳಿದು, ಅದೇ ಓಲಾಟವಿರುವ ಹುಸಿ ಮೀನು ಮಾಡಿದ. 1962ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಈ ಕುರಿತು ಲೇಖನ ಬಂತು. ನಟಿ ಮರಿಲಿನ್ ಮನ್ರೋ ನಿಧನದ ವರದಿಯಿದ್ದ ಸಂಚಿಕೆ ಅದು. ಪ್ರತಿಗಳು ಅಪಾರವಾಗಿ ಖರ್ಚಾದವು. ರಾಪಾಲಾನ ಹೆಸರೂ ಮನೆಮಾತಾಯಿತು.

ಓಲಾಟ ಹೇಗೆ ಬರುತ್ತದೆ? ಹುಸಿ ಮೀನಿನ ಗದ್ದದಲ್ಲಿ ಚಮಚದಂಥ ಒಂದು ನಾಲಗೆ ಇರುತ್ತದೆ. ಎಳೆದಾಗ ನೀರು ಅದಕ್ಕೆ ಬಡಿದು, ಎಡಕ್ಕೂ ಬಲಕ್ಕೂ ಸರದಿಯಂತೆ ಸುಳಿಗಳಾಗಿ ಜಾರುತ್ತದೆ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಳ್ಳಿಸಿಕೊಂಡು ಮೈ ಅಲುಗುತ್ತದೆ. ನಾಲಗೆ ಉದ್ದವಾಗಿದ್ದು ಮೈಯ ನೇರಕ್ಕೇ ಚಾಚಿದ್ದರೆ ಎರೆ ಆಳಕ್ಕೆ ಇಳಿಯುತ್ತದೆ. ಗಿಡ್ಡವಾಗಿದ್ದು ನೆಟ್ಟಗೆ ಕೆಳಮುಖವಾಗಿದ್ದರೆ ಮೇಲ್ಮಟ್ಟದಲ್ಲೇ ಈಜುತ್ತದೆ. ಅಂಗಡಿಯವನನ್ನು ಕೇಳದೆಯೇ, ನಾಲಗೆ ನೋಡಿ ಆಳ ಹೇಳಬಹುದು. ಇದೇ ಗುಂಪಿನ ಸ್ಪಿನ್ನರ್‌ಬೈಟ್ ಎಂಬುದು ಬಾಯಿ ತೆರೆದ ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಒಂದು ತೋಳಿನಲ್ಲಿ ಗಿರಗಿರ ತಿರುಗುವ ಲೋಹದ ಎಲೆ, ಇನ್ನೊಂದರಲ್ಲಿ ಕುಚ್ಚು ಕಟ್ಟಿದ ಗಾಳ. ಎಲೆಯ ಹೊಳಪು ಕಣ್ಣಿಗೆ, ಅದರ ಕಂಪನ ಪಾರ್ಶ್ವರೇಖೆಗೆ. ನೀರು ಕದಡಿದ್ದರೆ ದುಂಡಗಿನ ಅಗಲ ಎಲೆಯದನ್ನು ಆರಿಸಬೇಕು, ಅದರ ಕಂಪನ ಹೆಚ್ಚು. ತಿಳಿನೀರಿಗೆ ಕಿರಿದಾದ ನೀಳ ಎಲೆ ಸಾಕು.

ಮೂರನೆಯ ಗುಂಪು ತಳದ್ದು. 1949ರಲ್ಲಿ ಒಹಾಯೋ ರಾಜ್ಯದ ಆಕ್ರನ್ ನಗರದ ನಿಕ್ ಕ್ರೀಮ್ ಎಂಬಾತ ಹೆಂಡತಿಯ ಜೊತೆಗೂಡಿ, ಮನೆಯಲ್ಲೇ ಮೆತ್ತನೆಯ ಪ್ಲಾಸ್ಟಿಕ್ ಕರಗಿಸಿ, ಅಚ್ಚಿನಲ್ಲಿ ಎರಕ ಹೊಯ್ದು ಎರೆಹುಳು ತಯಾರಿಸಿದ. ನಿಜವಾದ ಎರೆಹುಳುವಿನಿಂದ ಹೊರಟ ಮನುಷ್ಯ ಪ್ಲಾಸ್ಟಿಕ್ ಎರೆಹುಳುವಿಗೆ ಬಂದು ಮುಟ್ಟಿದ! ಇದರ ಲಾಭವೆಂದರೆ ಬಾಯಿಗೆ ಮೆತ್ತಗಿರುವುದರಿಂದ ಮೀನು ತಕ್ಷಣ ಉಗುಳುವುದಿಲ್ಲ. ಗಟ್ಟಿ ಮರದ ಎರೆಯಾದರೆ ಕ್ಷಣದೊಳಗೆ ಮೋಸ ಗೊತ್ತಾಗುತ್ತದೆ. ಗಾಳಗಾರನಿಗೆ ದೊರೆಯುವ ಆ ಒಂದೆರಡು ಹೆಚ್ಚಿನ ಸೆಕೆಂಡುಗಳೇ ಪ್ಲಾಸ್ಟಿಕ್ ಹುಳುವಿನ ಯಶಸ್ಸಿಗೆ ಕಾರಣ.

ಹುಳುವನ್ನು ಕಟ್ಟುವ ಕ್ರಮಗಳೂ ಹಲವು. ಟೆಕ್ಸಾಸ್ ಕ್ರಮದಲ್ಲಿ ಬಂದೂಕಿನ ಗುಂಡಿನ ಆಕಾರದ ತೂಕವನ್ನು ದಾರಕ್ಕೆ ಪೋಣಿಸಿ, ಅದರ ಕೆಳಗೆ ಗಾಳ ಕಟ್ಟಿ, ಗಾಳದ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸುತ್ತಾರೆ. ಮೊನೆ ಹೊರಗೆ ಕಾಣದ ಕಾರಣ ಜೊಂಡಿನಲ್ಲಿ, ಮುಳುಗಿದ ಕೊಂಬೆಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬ್ಯಾಸ್ ಇರುವುದೇ ಅಂಥ ಜಾಗದಲ್ಲಲ್ಲವೇ? ಕೆರೊಲಿನಾ ಕ್ರಮದಲ್ಲಿ ತೂಕ ಗಾಳಕ್ಕಿಂತ ಎರಡು ಮೂರು ಅಡಿ ಮೇಲಿರುತ್ತದೆ. ತೂಕ ತಳದಲ್ಲಿ ಉರುಳಿದಾಗ ಹಗುರವಾದ ಹುಳು ಅದರ ಹಿಂದೆ ತೇಲುತ್ತ ಬರುತ್ತದೆ. ತೆರೆದ ತಳವನ್ನು ಜಾಲಾಡಲು ಇದು ಅನುಕೂಲ. ಡ್ರಾಪ್ ಶಾಟ್ ಕ್ರಮದಲ್ಲಿ ತೂಕ ದಾರದ ಕೊನೆಗೆ, ಗಾಳ ಅದಕ್ಕಿಂತ ಮೇಲೆ. ಎರೆ ಒಂದೇ ಜಾಗದಲ್ಲಿ ನಿಂತು ನಡುಗುತ್ತದೆ. ಇನ್ನು ಹುಳುವಿನ ನಟ್ಟನಡುವೆ ಗಾಳ ಚುಚ್ಚಿ, ಎರಡೂ ತುದಿಗಳು ತೊನೆಯುತ್ತ ನಿಧಾನವಾಗಿ ಮುಳುಗುವಂತೆ ಬಿಡುವ ಕ್ರಮವೂ ಇದೆ. ನೋಡುವುದಕ್ಕೆ ಹುಚ್ಚಾಟದಂತಿದೆ. ಮೀನಿಗೆ ಮಾತ್ರ ಬಹಳ ಇಷ್ಟ.

ಈಗ ಸಲಕರಣೆಯ ವಿಚಾರ. ಕೋಲು ಸಾಮಾನ್ಯವಾಗಿ ಆರೂವರೆಯಿಂದ ಏಳೂವರೆ ಅಡಿ ಉದ್ದದ್ದು, ಗಾಜಿನ ನಾರಿನದೋ ಇಂಗಾಲದ ನಾರಿನದೋ ಆಗಿರುತ್ತದೆ. ಓಲಾಡುವ ಎರೆಗಳಿಗೆ ಬಳುಕುವ ಕೋಲು ಬೇಕು, ಏಕೆಂದರೆ ಅವುಗಳ ಸಣ್ಣ ಮೂರುಮೊನೆ ಗಾಳಗಳು ಜೋರಾಗಿ ಎಳೆದರೆ ಕಿತ್ತು ಬರುತ್ತವೆ. ಮೈಯೊಳಗೆ ಮೊನೆ ಹುದುಗಿರುವ ಹುಳುವಿಗೆ ಬಿರುಸಾದ ಕೋಲು ಬೇಕು. ಮೊದಲು ಪ್ಲಾಸ್ಟಿಕ್ಕನ್ನೂ ಆಮೇಲೆ ಮೀನಿನ ತುಟಿಯನ್ನೂ ಅದು ಭೇದಿಸಬೇಕಲ್ಲ!

ದಾರ ಸುತ್ತುವ ರಾಟೆಗಳಲ್ಲಿ ಎರಡು ಬಗೆ. ಒಂದರಲ್ಲಿ ಎಸೆದಾಗ ಉರುಳೆಯೇ ತಿರುಗುತ್ತದೆ. ಇದರ ಮೂಲ ಕೆಂಟಕಿ ರಾಜ್ಯದ್ದು. ಅಲ್ಲಿನ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ರಿಪೇರಿಗಾರ ಸುಮಾರು 1820ರ ಹೊತ್ತಿಗೆ ಹಲ್ಲಿನ ಚಕ್ರಗಳನ್ನು ಜೋಡಿಸಿ, ಹಿಡಿಯನ್ನು ಒಮ್ಮೆ ತಿರುಗಿಸಿದರೆ ಉರುಳೆ ಹಲವು ಸಲ ಸುತ್ತುವಂತೆ ಮಾಡಿದ. ಇದರಿಂದ ಗುರಿಯಿಟ್ಟು ಎಸೆಯಬಹುದು. ಆದರೆ ಎರೆ ಗಾಳಿಯಲ್ಲಿ ನಿಧಾನವಾದರೂ ಉರುಳೆ ತನ್ನ ಜಡತ್ವದಿಂದ ಅದೇ ವೇಗದಲ್ಲಿ ತಿರುಗುತ್ತಿದ್ದರೆ, ದಾರ ಹೊರಹೋಗಲಾರದೆ ಗೋಜಲಾಗಿ ಹಕ್ಕಿಗೂಡಾಗುತ್ತದೆ. ಹೆಬ್ಬೆರಳನ್ನು ಉರುಳೆಯ ಮೇಲೆ ಹಗುರವಾಗಿಟ್ಟು ಅದನ್ನು ಅಂಕೆಯಲ್ಲಿಡುವುದೇ ಅಭ್ಯಾಸದ ಸಾರ. ಇನ್ನೊಂದು ಬಗೆಯಲ್ಲಿ ಉರುಳೆ ನಿಶ್ಚಲ, ದಾರ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಹೊಸಬರಿಗೂ ಹಗುರವಾದ ಎರೆಗಳಿಗೂ ಇದೇ ವಾಸಿ.

ದಾರದಲ್ಲಿ ಮೂರು ಬಗೆ. ನೈಲಾನ್ ಎಳೆ ಹಿಗ್ಗುತ್ತದೆ. ಆ ಹಿಗ್ಗು ಮೀನಿನ ಹಠಾತ್ ಎಳೆತವನ್ನು ತಡೆದುಕೊಳ್ಳುತ್ತದೆ. ಫ್ಲೂರೋಕಾರ್ಬನ್ ಎಳೆ ಮುಳುಗುತ್ತದೆ. ಅದರ ವಕ್ರೀಭವನ ಸೂಚ್ಯಂಕ 1.42, ನೀರಿನದು 1.33, ನೈಲಾನಿನದು ಇನ್ನೂ ಹೆಚ್ಚು. ಹೀಗಾಗಿ ನೈಲಾನಿಗಿಂತ ಇದು ನೀರಿನಲ್ಲಿ ಕಡಿಮೆ ಕಾಣಿಸುತ್ತದೆ. ಮೂರನೆಯದು ಪಾಲಿಎಥಿಲೀನ್ ನಾರುಗಳನ್ನು ಹೆಣೆದದ್ದು. ಅದು ತೇಲುತ್ತದೆ, ಹಿಗ್ಗುವುದಿಲ್ಲ, ತೆಳುವಾಗಿದ್ದರೂ ಬಹಳ ಗಟ್ಟಿ. ದಟ್ಟ ಜೊಂಡಿನಿಂದ ಮೀನನ್ನು ಹೊರಗೆಳೆಯಲು ಇದೇ ಸರಿ. ತೂಕಗಳ ವಿಷಯದಲ್ಲಿ ಒಂದು ಎಚ್ಚರ. ಕಳೆದುಹೋದ ಸೀಸದ ತುಂಡುಗಳನ್ನು ನುಂಗಿ ಲೂನ್ ಎಂಬ ನೀರುಹಕ್ಕಿಗಳು ಸಾಯುವುದು ಕಂಡುಬಂದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನಂಥ ರಾಜ್ಯಗಳು ಚಿಕ್ಕ ಸೀಸದ ತೂಕಗಳನ್ನು ನಿಷೇಧಿಸಿವೆ. ಅದಕ್ಕೆ ಬದಲಾಗಿ ಟಂಗ್‌ಸ್ಟನ್ ದೊರೆಯುತ್ತದೆ. ಬೆಲೆ ಹೆಚ್ಚು, ಆದರೆ ವಿಷವಲ್ಲ.

ಸಲಕರಣೆ ಎಷ್ಟೇ ಇರಲಿ, ಫಲ ಕೊಡುವುದು ನೀರನ್ನು ಓದುವ ಅಭ್ಯಾಸ. ಮೀನು ಶೀತರಕ್ತದ ಪ್ರಾಣಿ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಅದರ ಜೀರ್ಣಕ್ರಿಯೆ, ಚಲನೆ ಎಲ್ಲವೂ ಮಂದವಾಗುತ್ತವೆ. ಆಗ ಎರೆಯನ್ನು ಅತ್ಯಂತ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಎಳೆಯಬೇಕು. ಬೇಸಿಗೆಯ ನಡುಹಗಲಿನಲ್ಲಿ ಮೀನು ಆಳಕ್ಕೋ ದಟ್ಟ ನೆರಳಿಗೋ ಸರಿಯುತ್ತದೆ. ಮುಳುಗುವ ಎರೆ ಸೆಕೆಂಡಿಗೆ ಒಂದು ಅಡಿಯಂತೆ ಇಳಿಯುವುದಾದರೆ ಎಂಟು ಎಣಿಸಿ ಎಳೆಯತೊಡಗಿ. ಎಂಟಡಿ ಆಳದಲ್ಲಿ ಬರುತ್ತದೆ. ಆಗ ಮೀನು ಕಚ್ಚಿದರೆ ಮುಂದಿನ ಸಲವೂ ಎಂಟನ್ನೇ ಎಣಿಸಿ. ಎರೆ ಒಂದು ಕಂಬಕ್ಕೆ ತಗುಲಿ ದಿಕ್ಕು ಬದಲಿಸಿದ ಕ್ಷಣದಲ್ಲಿ, ಅಥವಾ ಓಡುತ್ತಿದ್ದದ್ದು ಥಟ್ಟನೆ ನಿಂತ ಕ್ಷಣದಲ್ಲಿ ಮೀನು ಎರಗುವುದು ಹೆಚ್ಚು. ಬೇಟೆ ತಡವರಿಸಿದಂತೆ ಅದಕ್ಕೆ ಕಾಣುತ್ತದೆ.

ದಾಖಲೆಗಳ ಮಾತೂ ಒಂದಿಷ್ಟು ಇರಲಿ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ಯುವ ರೈತ 22 ಪೌಂಡು 4 ಔನ್ಸು, ಅಂದರೆ ಸುಮಾರು 10 ಕಿಲೋ ತೂಕದ ಬ್ಯಾಸ್ ಹಿಡಿದ. ಎರೆ ಒಂದು ಮರದ ಹುಸಿ ಮೀನು. ಆರ್ಥಿಕ ಮುಗ್ಗಟ್ಟಿನ ಕಾಲ ಅದು. ತೂಕ ಮಾಡಿಸಿದ ಮೇಲೆ ಆ ಮೀನು ಮನೆಯವರ ಊಟವಾಯಿತು. 77 ವರ್ಷ ಆ ದಾಖಲೆಯನ್ನು ಯಾರೂ ಮುಟ್ಟಲಿಲ್ಲ. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನು ಪೆರಿಯ ಮೀನಿಗಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗಿತು. ಎರಡು ಔನ್ಸಾದರೂ ಮೀರಬೇಕೆಂಬ ನಿಯಮವಿದ್ದುದರಿಂದ ಇಬ್ಬರ ಹೆಸರೂ ಸಮಸಮವಾಗಿ ಉಳಿದಿವೆ. ಅಮೆರಿಕದ ಮೀನು ಜಪಾನಿನ ಸರೋವರಕ್ಕೆ ಹೇಗೆ ಬಂತು? ಅದನ್ನು ಈಗಲೇ ಹೇಳುತ್ತೇನೆ. ಅದಕ್ಕೂ ಮುಂಚೆ ಹಿಡಿದ ಮೀನನ್ನು ಏನು ಮಾಡಬೇಕೆಂಬ ಪ್ರಶ್ನೆ ಇದೆ.

ಪೆರಿಯ ಮನೆಯಲ್ಲಿ ಅದಕ್ಕೆ ಉತ್ತರ ಸುಲಭವಾಗಿತ್ತು. 1960ರ ದಶಕದ ಕೊನೆಗೆ ಪರಿಸ್ಥಿತಿ ಬದಲಾಯಿತು. ರೇ ಸ್ಕಾಟ್ ಎಂಬ ವಿಮಾ ಪ್ರತಿನಿಧಿ 1967ರಲ್ಲಿ ಅರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಬ್ಯಾಸ್ ಪಂದ್ಯ ಏರ್ಪಡಿಸಿದ. ಮರುವರ್ಷ ಗಾಳಗಾರರ ದೊಡ್ಡ ಸಂಘವನ್ನೇ ಕಟ್ಟಿದ. ಪಂದ್ಯಗಳು ಹೆಚ್ಚಿದಂತೆ ಸತ್ತ ಮೀನಿನ ರಾಶಿಗಳೂ ಹೆಚ್ಚಿದವು. 1972ರಲ್ಲಿ ಸ್ಕಾಟನೇ ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ಚಳವಳಿ ಆರಂಭಿಸಿದ. ದೋಣಿಯಲ್ಲೇ ಗಾಳಿಯಾಡುವ ನೀರಿನ ತೊಟ್ಟಿ ಇರಿಸಿ, ತೂಕ ಮಾಡಿ, ಜೀವಂತವಾಗಿ ಬಿಡುವ ಪದ್ಧತಿ ಹೀಗೆ ಹಬ್ಬಿತು. 1950ರ ಒಂದು ಕಾನೂನಿನಂತೆ ಅಮೆರಿಕದಲ್ಲಿ ಗಾಳದ ಸಲಕರಣೆಗಳ ಮೇಲೆ ಹಾಕುವ ವಿಶೇಷ ತೆರಿಗೆಯ ಹಣ ಮೀನು ಮತ್ತು ನೀರಿನ ರಕ್ಷಣೆಗೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು.

ಆದರೆ ಬಿಟ್ಟುಬಿಟ್ಟ ಮಾತ್ರಕ್ಕೆ ಹೊಣೆ ತೀರಿತೇ? ಇಲಿನಾಯ್ ರಾಜ್ಯದ ರಿಡ್ಜ್ ಸರೋವರದಲ್ಲಿ 1970ರ ದಶಕದಲ್ಲಿ ಒಂದು ದೀರ್ಘ ಅಧ್ಯಯನ ಆರಂಭವಾಯಿತು. ಹಿಡಿದ ಪ್ರತಿ ಬ್ಯಾಸ್‌ಗೂ ಗುರುತು ಹಾಕಿ ಬಿಟ್ಟು, ಕೊನೆಗೆ 1980ರಲ್ಲಿ ಸರೋವರದ ನೀರನ್ನೇ ಬಸಿದು ಎಣಿಸಿದರು. ಸುಮಾರು 1,700 ಮೀನುಗಳಲ್ಲಿ 200ರಷ್ಟು ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಇನ್ನೊಂದು ಮೀನು ಒಂದೇ ವರ್ಷದಲ್ಲಿ 16 ಸಲ ಸಿಕ್ಕಿಬಿದ್ದಿತ್ತು! ಸುಲಭವಾಗಿ ಸಿಗುವವನ್ನೂ ಸಿಗದವನ್ನೂ ಬೇರೆ ಬೇರೆಯಾಗಿ ಮೂರು ತಲೆಮಾರು ಬೆಳೆಸಿದಾಗ, ಗಾಳಕ್ಕೆ ಬೀಳುವ ಗುಣ ಮರಿಗಳಿಗೂ ಹರಿದು ಬರುತ್ತದೆಂದು ತಿಳಿಯಿತು. 2009ರಲ್ಲಿ ಇದು ಪ್ರಕಟವಾಯಿತು. ಅಂದರೆ ಕಚ್ಚುವ ಮೀನನ್ನೇ ಸದಾ ತೆಗೆಯುತ್ತಿದ್ದರೆ, ಕೊನೆಗೆ ಆ ನೀರಿನಲ್ಲಿ ಕಚ್ಚದ ಸಂತತಿ ಉಳಿಯುತ್ತದೆ.

ಇನ್ನೂ ಸೂಕ್ಷ್ಮವಾದ ವಿಚಾರ ಗೂಡಿನದು. ವಸಂತದಲ್ಲಿ ನೀರು 15ರಿಂದ 20 ಡಿಗ್ರಿಗೆ ಬೆಚ್ಚಗಾದಾಗ ಗಂಡು ಬ್ಯಾಸ್ ಬಾಲದಿಂದ ತಳವನ್ನು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆ ಮರಿಗಳನ್ನು ಕಾಯುವುದು ಗಂಡೇ. ಆಗ ಹತ್ತಿರ ಬಂದ ಯಾವ ವಸ್ತುವಿನ ಮೇಲೂ ಅದು ಎರಗುತ್ತದೆ. ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ. ಗೂಡಿನ ಮೇಲೆ ಹುಸಿ ಎರೆ ಎಳೆದರೆ ಅದು ಕಚ್ಚುವುದು ಹೆಚ್ಚುಕಡಿಮೆ ಖಚಿತ. ತೂಕ ನೋಡಿ, ಫೋಟೋ ತೆಗೆದು, ಕೆಲವೇ ನಿಮಿಷಗಳಲ್ಲಿ ಬಿಟ್ಟರೂ ಅಷ್ಟರಲ್ಲಿ ಬ್ಲೂಗಿಲ್‌ನಂಥ ಚಿಕ್ಕ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿಂದಿರುತ್ತವೆ. ಮೀನಿನ ಸ್ವಭಾವ ತಿಳಿದವನಿಗೆ ಅದನ್ನು ಹಿಡಿಯುವ ದಾರಿ ಗೊತ್ತು. ಅದೇ ತಿಳಿವಳಿಕೆ ಎಲ್ಲಿ ಕೈ ತಡೆಯಬೇಕೆಂಬುದನ್ನೂ ಹೇಳುತ್ತದೆ.

ಈಗ ಜಪಾನಿನ ಕಥೆ. 1925ರಲ್ಲಿ ಅಕಾಬೋಶಿ ಎಂಬ ಉದ್ಯಮಿ ಗಾಳದ ವಿನೋದಕ್ಕಾಗಿ ಅಮೆರಿಕದಿಂದ ಬ್ಯಾಸ್ ತರಿಸಿ ಆಶಿ ಸರೋವರದಲ್ಲಿ ಬಿಟ್ಟ. ಮುಂದೆ ಅದು ದೇಶದ ತುಂಬ ಹರಡಿತು. 1974ರಲ್ಲಿ ಬಿವಾದಲ್ಲೂ ಕಾಣಿಸಿಕೊಂಡಿತು. 1960ರಲ್ಲಿ ಅಂದಿನ ಯುವರಾಜ ಅಕಿಹಿಟೊ ಅವರಿಗೆ ಶಿಕಾಗೋ ನಗರದಿಂದ ಬ್ಲೂಗಿಲ್ ಉಡುಗೊರೆಯಾಗಿ ಬಂತು. ಆಹಾರಕ್ಕೆಂದು ಸಾಕಿದ ಅದೂ ನೀರಿಗೆ ಸೇರಿತು. ಬಿವಾದ ಮೂಲ ಮೀನುಗಳು ಇವೆರಡರ ಬಾಯಿಗೆ ತುತ್ತಾದವು. ಅಲ್ಲಿನ ಜನ ಅನ್ನದಲ್ಲಿ ಹುದುಗಿಸಿ ಮಾಡುವ ಸಾಂಪ್ರದಾಯಿಕ ಖಾದ್ಯಕ್ಕೆ ಬೇಕಾದ ಮೀನು ಸಿಗುವುದೇ ಕಷ್ಟವಾಯಿತು. 2003ರಿಂದ ಅಲ್ಲಿ ಹಿಡಿದ ಬ್ಯಾಸನ್ನು ಮತ್ತೆ ನೀರಿಗೆ ಬಿಡುವಂತಿಲ್ಲ. 2005ರಿಂದ ಜಪಾನಿನಲ್ಲಿ ಜೀವಂತ ಬ್ಯಾಸನ್ನು ಸಾಗಿಸುವುದೂ ಅಪರಾಧ. 2007ರಲ್ಲಿ, ಆಗ ಚಕ್ರವರ್ತಿಯಾಗಿದ್ದ ಅಕಿಹಿಟೊ ಬ್ಲೂಗಿಲ್ ತಂದುದಕ್ಕೆ ಬಹಿರಂಗವಾಗಿ ವಿಷಾದಿಸಿದರು. ಕುರಿಟಾನ ದಾಖಲೆಯ ಮೀನು ಕಚ್ಚಿದ್ದು ಜೀವಂತ ಬ್ಲೂಗಿಲ್ ಎರೆಯನ್ನೇ ಎಂಬುದನ್ನು ಇಲ್ಲಿ ಸೇರಿಸಬಹುದು. ಅಮೆರಿಕದಲ್ಲಿ ಬಿಡುವುದು ಧರ್ಮ, ಬಿವಾದಲ್ಲಿ ಬಿಡದಿರುವುದು ಧರ್ಮ. ಮೀನು ಒಂದೇ, ನೀರು ಬೇರೆ.

ಇದು ದೂರದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಕಾವೇರಿಯಲ್ಲಿ ಬ್ಯಾಸ್‌ಗಿಂತ ಎಷ್ಟೋ ಪಟ್ಟು ದೊಡ್ಡದಾದ ಮಹಶೀರ್ ಇದೆ, ತೀರದವರ ಬಿಳಿಮೀನು. 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನದ ವ್ಯಾನ್ ಇಂಗನ್ ಒಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ರಾಗಿಮುದ್ದೆಯನ್ನೇ ಎರೆಯಾಗಿಸಿ ಈ ಮೀನನ್ನು ಹಿಡಿದು ಬಿಡಲು ಹೊರದೇಶಗಳಿಂದ ಜನ ಬರುತ್ತಿದ್ದರು. ಮಹಶೀರ್ ಕಡಿಮೆಯಾಗುತ್ತಿದೆಯೆಂದು, ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಸದುದ್ದೇಶದಿಂದಲೇ ನದಿಗೆ ಬಿಡಲಾಯಿತು. ಅವು ನೀಲಿ ರೆಕ್ಕೆಯ ಬೇರೆ ಜಾತಿಯವು. ಶಿಬಿರಗಳಲ್ಲಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ದಿನವಹಿಗಳನ್ನು ಸಂಶೋಧಕರು ಪರಿಶೀಲಿಸಿದಾಗ, ನೀಲಿ ರೆಕ್ಕೆಯದು ಹೆಚ್ಚುತ್ತ ಹೋಗಿದ್ದೂ, ಕಾವೇರಿಯದೇ ಆದ ಗೂನು ಬೆನ್ನಿನ ಮಹಶೀರ್ ಅಳಿಯುತ್ತ ಬಂದಿದ್ದೂ ಬೆಳಕಿಗೆ ಬಂತು. ಆ ವೇಳೆಗೆ ಅದಕ್ಕೊಂದು ಖಚಿತ ವೈಜ್ಞಾನಿಕ ಹೆಸರೂ ಇರಲಿಲ್ಲ. 2018ರಲ್ಲಿ ಅದು ಟಾರ್ ರಮಾದೇವಿ ಜಾತಿಯೆಂದು ಗುರುತಾಯಿತು. ಅದೇ ವರ್ಷ ಅಳಿವಿನ ಅಂಚಿನ ಜಾತಿಗಳ ಪಟ್ಟಿಯನ್ನೂ ಸೇರಿತು. 2012ರ ಹೊತ್ತಿಗೆ ಕಾವೇರಿ ವನ್ಯಧಾಮದ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತಿತು. ಹಿಡಿದ ಮೀನಿನ ಜಾತಿ, ತೂಕ, ದಿನಾಂಕಗಳನ್ನು ಆ ಗಾಳಗಾರರು ಬರೆದಿಡದೆ ಹೋಗಿದ್ದರೆ, ಈ ಮೀನು ಕುಗ್ಗುತ್ತಿದೆಯೆಂದು ತೋರಿಸುವ ಆಧಾರವೇ ಇರುತ್ತಿರಲಿಲ್ಲ.

ಹಾಗಾದರೆ ಆಸಕ್ತರು ಏನು ಮಾಡಬೇಕು? ಅಮೆರಿಕದಲ್ಲಿರುವ ನಿಮ್ಮವರು ಆಯಾ ರಾಜ್ಯದ ಪರವಾನಗಿ ಪಡೆದೇ ಗಾಳ ಹಿಡಿಯಲಿ. ಇಲ್ಲಿ ನಮ್ಮ ಕೆರೆಗಳಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆ ಎಸೆಯುವ ಯುವಕರು, ಕೆರೆಯ ಮೀನಿನ ಹಕ್ಕು ಯಾರದೆಂದು ಮೊದಲು ಕೇಳಲಿ. ಕೊರವವೂ ಬ್ಯಾಸ್‌ನಂತೆಯೇ ಮರಿ ಕಾಯುವ ಮೀನು. ನೀರಿನ ಮೇಲೆ ಮರಿಗಳ ಹಿಂಡು ಕಂಡರೆ ಕೆಳಗೆ ತಾಯಿತಂದೆ ಇವೆಯೆಂದು ಅರ್ಥ. ಅಲ್ಲಿ ಎರೆ ಎಸೆಯಬೇಡಿ. ಗಾಳದ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಮೀನಿನ ಬಾಯಿಂದ ಬಿಡಿಸುವುದು ಸುಲಭವಾಗುತ್ತದೆ. ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಿ, ಒಣಗಿದ ಕೈ ಮೀನಿನ ಮೈಮೇಲಿನ ರಕ್ಷಕ ಲೋಳೆಯನ್ನು ಒರೆಸಿಬಿಡುತ್ತದೆ. ಭಾರವಾದ ಮೀನನ್ನು ದವಡೆಯಿಂದ ನೇತುಹಾಕದೆ ಹೊಟ್ಟೆಗೆ ಇನ್ನೊಂದು ಕೈ ಕೊಡಿ. ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಎಂದೂ ಒಯ್ಯಬೇಡಿ. ಜೊತೆಗೆ ಒಂದು ಪುಟ್ಟ ಪುಸ್ತಕ ಇರಲಿ. ಏನು ಹಿಡಿದಿರಿ, ಎಲ್ಲಿ, ಎಂದು ಎಂಬುದನ್ನು ಬರೆದಿಡಿ.

ಮರದ ತುಂಡನ್ನು ಮೀನು ಏಕೆ ಕಚ್ಚುತ್ತದೆಂಬ ಪ್ರಶ್ನೆ ನಮ್ಮನ್ನು ಇಷ್ಟು ದೂರ ಕರೆತಂದಿತು. ಹುಸಿ ಎರೆಯನ್ನು ಮೀನು ನಂಬುತ್ತದೆ, ಏಕೆಂದರೆ ಅದು ಕೆಲವೇ ಸುಳಿವುಗಳನ್ನು ನೋಡಿ ತೀರ್ಮಾನಿಸುತ್ತದೆ. ದಾರದ ಈ ತುದಿಯಲ್ಲಿ ನಿಂತವನಿಗೆ ಎಲ್ಲ ತಿಳಿದಿರುವುದರಿಂದ ಹೊಣೆಯೂ ಅವನದೇ.